2004ರ ಲ್ಯಾಪ್‌ಟಾಪ್‌ಗೆ ಹಗುರ ಲಿನಕ್ಸ್: ಒಂದು ಪ್ರಕರಣ ಅಧ್ಯಯನ

ಯಂತ್ರದ ವಿವರ ಹೀಗಿದೆ. ಇಂಟೆಲ್ ಪೆಂಟಿಯಂ ಎಂ 735 ಪ್ರೊಸೆಸರ್, 1.7 ಗಿಗಾಹರ್ಟ್ಜ್, ಒಂದೇ ಕೋರ್, 32 ಬಿಟ್. ಇಂಟೆಲ್ 855ಪಿಎಂ ಚಿಪ್‌ಸೆಟ್, 512 ಎಂಬಿ ಡಿಡಿಆರ್ ಮೆಮೊರಿ, 40 ಜಿಬಿಯ ಐಡಿಇ ಹಾರ್ಡ್ ಡಿಸ್ಕ್. ಗ್ರಾಫಿಕ್ಸ್‌ಗೆ ಮೊಬಿಲಿಟಿ ರೇಡಿಯಾನ್ 9600, ವೈಫೈಗೆ ಇಂಟೆಲ್ 2200ಬಿಜಿ, ಪರದೆ 1024×768. ಒಳಗೆ ಇದ್ದದ್ದು ವಿಂಡೋಸ್ ಎಕ್ಸ್‌ಪಿ. ಅದಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಂತದ್ದು ಏಪ್ರಿಲ್ 2014ರಲ್ಲಿ. ಬಳಸುವವರ ಬೇಡಿಕೆ ದೊಡ್ಡದೇನಲ್ಲ: ಕನ್ನಡದಲ್ಲಿ ಟೈಪ್ ಮಾಡಬೇಕು, ಪಿಡಿಎಫ್ ಓದಬೇಕು, ಮೇಲ್ ನೋಡಬೇಕು, ಕೆಲವೇ ಜಾಲತಾಣಗಳು ತೆರೆಯಬೇಕು.

ಈ ಯಂತ್ರ ಕೈಗೆ ಬರುವ ಮೊದಲೇ ಮೂರು ಪ್ರಯತ್ನಗಳು ಸೋತಿದ್ದವು. ಮೊದಲನೆಯದು 64 ಬಿಟ್ ಲಿನಕ್ಸ್‌ನ ಯುಎಸ್‌ಬಿ. ಈ ಕರ್ನಲ್‌ಗೆ (ಲಿನಕ್ಸ್‌ನ ತಿರುಳಿಗೆ) 64 ಬಿಟ್ಟಿನ ಎಕ್ಸ್86-64 ಪ್ರೊಸೆಸರ್ ಬೇಕು, ಇಲ್ಲಿ ಕಂಡದ್ದು 32 ಬಿಟ್ಟಿನ ಐ686 ಮಾತ್ರ ಎಂಬ ಸಂದೇಶ ತೋರಿಸಿ ಅದು ನಿಂತಿತು. ಎರಡನೆಯದು 32 ಬಿಟ್ ಆವೃತ್ತಿ. ಅದು ಪಿಎಇ (ಪ್ರೊಸೆಸರ್‌ನ ಒಂದು ಮೆಮೊರಿ ಸೌಲಭ್ಯ, ವಿವರ ಮುಂದಿದೆ) ಇಲ್ಲವೆಂದು ನಿಂತಿತು. ಮೂರನೆಯದು ಹಳೆಯ ಕಾಲದ 32 ಬಿಟ್ ಡಿಸ್ಟ್ರೋ (ಬಳಕೆಗೆ ಸಿದ್ಧಪಡಿಸಿದ ಲಿನಕ್ಸ್ ಆವೃತ್ತಿ). ಅದು ಚೆನ್ನಾಗಿಯೇ ಬೂಟ್ ಆಯಿತು, ಆದರೆ ಅದರ ಜೊತೆ ಬಂದ ಬ್ರೌಸರ್ ಇಂದಿನ ಜಾಲತಾಣಗಳನ್ನು ತೆರೆಯಲಾರದಷ್ಟು ಹಳೆಯದು. ಮೂರೂ ಬೇರೆ ಬೇರೆ ಗೋಡೆಗಳು. ‘ಯಾವ ಡಿಸ್ಟ್ರೋ ಹಗುರ?’ ಎಂಬ ಪ್ರಶ್ನೆಯಿಂದ ಹೊರಟರೆ ಈ ಮೂರರಲ್ಲಿ ಒಂದಕ್ಕೆ ತಲೆ ತಾಗುವುದು ಖಚಿತ. ಯಂತ್ರದ ಮಿತಿಗಳನ್ನು ಮೊದಲು ಅಳೆದರೆ ಡಿಸ್ಟ್ರೋದ ಆಯ್ಕೆ ತಾನಾಗಿಯೇ ಒಂದೆರಡು ಹೆಸರುಗಳಿಗೆ ಇಳಿಯುತ್ತದೆ.

ಮೊದಲು ಹಾರ್ಡ್‌ವೇರ್

ಹಳೆಯ ಯಂತ್ರದಲ್ಲಿ ಇನ್‌ಸ್ಟಾಲ್ ಅರ್ಧಕ್ಕೆ ನಿಂತರೆ ತಪ್ಪು ಸಾಫ್ಟ್‌ವೇರ್‌ನದೋ ಕೆಟ್ಟ ಮೆಮೊರಿಯದೋ ಎಂದು ಹೇಳಲಾಗದು. ಆದ್ದರಿಂದ ಮೆಮ್‌ಟೆಸ್ಟ್86+ ಅನ್ನು ಕನಿಷ್ಠ ಒಂದು ಪೂರ್ತಿ ಸುತ್ತು ಓಡಿಸುವುದೇ ಮೊದಲ ಕೆಲಸ. ಒಂದೇ ಒಂದು ದೋಷ ಬಂದರೂ ಆ ಮೆಮೊರಿ ಪಟ್ಟಿಯನ್ನು ತೆಗೆದಿಡಬೇಕು. ಈ ಯಂತ್ರದಲ್ಲಿ ಮೆಮೊರಿ ಸರಿಯಿತ್ತು. ಡಿಸ್ಕ್ ಸರಿಯಿರಲಿಲ್ಲ: ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿಯ 197ನೇ ಸಾಲು, ಅಂದರೆ ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳ ಎಣಿಕೆ, ಸೊನ್ನೆಯಾಗಿರಲಿಲ್ಲ. 5, 197, 198 – ಈ ಮೂರು ಸಾಲುಗಳನ್ನು ನೋಡದೆ ಹಳೆಯ ಡಿಸ್ಕಿನ ಮೇಲೆ ಏನನ್ನೂ ಇನ್‌ಸ್ಟಾಲ್ ಮಾಡಬಾರದು.

ಡಿಸ್ಕಿನಲ್ಲಿದ್ದ ಹಳೆಯ ಕಡತಗಳು ಬೇಕಾಗಿದ್ದವು. ಸಾಯುತ್ತಿರುವ ಡಿಸ್ಕಿನಿಂದ ಒಂದೊಂದೇ ಫೋಲ್ಡರ್ ಕಾಪಿ ಮಾಡಲು ಹೋದರೆ ಹೆಡ್ ಕೆಟ್ಟ ಜಾಗಗಳಲ್ಲೇ ಒದ್ದಾಡಿ ಉಳಿದ ಆಯುಷ್ಯವೂ ಕರಗುತ್ತದೆ. ಡಿಸ್ಕನ್ನು ಬಿಚ್ಚಿ, ಐಡಿಇ–ಯುಎಸ್‌ಬಿ ಅಡಾಪ್ಟರ್ ಮೂಲಕ ಬೇರೊಂದು ಯಂತ್ರಕ್ಕೆ ಜೋಡಿಸಿ, ಜಿಎನ್‌ಯು ಡಿಡಿ‌ರೆಸ್ಕ್ಯೂ ಬಳಸಿ ಇಡೀ ಡಿಸ್ಕಿನ ಇಮೇಜ್ ತೆಗೆಯಲಾಯಿತು. ಮೊದಲ ಸುತ್ತಿನಲ್ಲಿ ಕೆಟ್ಟ ಜಾಗಗಳನ್ನು ಕೆದಕದೆ ದಾಟಿಸಿ, ಸುಲಭವಾಗಿ ಓದಬಲ್ಲದ್ದನ್ನೆಲ್ಲ ಪಡೆಯಬೇಕು; ಎರಡನೇ ಸುತ್ತಿನಲ್ಲಿ ಮಾತ್ರ ಕೆಟ್ಟ ಜಾಗಗಳಿಗೆ ಮೂರು ಮರುಪ್ರಯತ್ನ. ಎಲ್ಲಿಯವರೆಗೆ ಓದಿದೆ ಎಂದು ಗುರುತಿಡುವ ಮ್ಯಾಪ್ ಫೈಲ್ ಕೊಡುವುದನ್ನು ಮರೆಯಬಾರದು. ಅದಿಲ್ಲದಿದ್ದರೆ ನಡುವೆ ನಿಂತ ಕೆಲಸ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಹಾರ್ಡ್ ಡಿಸ್ಕಿನ ಜಾಗಕ್ಕೆ 32 ಜಿಬಿಯ ಎಂಸಾಟಾ ಎಸ್‌ಎಸ್‌ಡಿ ಮತ್ತು ಅದನ್ನು 44 ಪಿನ್ನಿನ ಐಡಿಇಗೆ ಹೊಂದಿಸುವ ಅಡಾಪ್ಟರ್ ಬಂತು. ಇಲ್ಲಿ ಎಚ್ಚರ ಬೇಕಾದ ಎರಡು ಸಂಗತಿಗಳಿವೆ. 2.5 ಇಂಚಿನ ಐಡಿಇ ಕನೆಕ್ಟರ್‌ನಲ್ಲಿ 44 ಪಿನ್ನುಗಳ ಪಕ್ಕದಲ್ಲೇ ಜಂಪರ್‌ಗೆಂದು ಇನ್ನೂ 4 ಪಿನ್ನುಗಳಿರುತ್ತವೆ. ಒಂದು ಸಾಲು ಆಚೀಚೆಯಾಗಿ ಚುಚ್ಚಿದರೆ ವಿದ್ಯುತ್ ತಪ್ಪು ಪಿನ್ನಿಗೆ ಹೋಗಿ ಎಸ್‌ಎಸ್‌ಡಿ ಸುಡಬಹುದು. ಇನ್ನೊಂದು, ಈ ಅಡಾಪ್ಟರ್‌ಗಳು ಅಳಿಸಿದ ಜಾಗಗಳನ್ನು ಎಸ್‌ಎಸ್‌ಡಿಗೆ ತಿಳಿಸುವ ಟ್ರಿಮ್ ಆದೇಶವನ್ನು ಸಾಮಾನ್ಯವಾಗಿ ದಾಟಿಸುವುದಿಲ್ಲ. ಎಫ್‌ಎಸ್‌ಟ್ರಿಮ್ ಓಡಿಸಿದರೆ ಈ ಕಾರ್ಯಕ್ಕೆ ಬೆಂಬಲವಿಲ್ಲ ಎಂಬ ಉತ್ತರ ಬರುತ್ತದೆ. ಹಾಗಾಗಿ ಎಸ್‌ಎಸ್‌ಡಿಯ ಒಂದು ಭಾಗಕ್ಕೆ ಪಾರ್ಟಿಷನ್ ಮಾಡದೆ ಖಾಲಿ ಬಿಡಬೇಕು. ಬರೆಯುವ ಭಾರವನ್ನು ಹಂಚಿಕೊಳ್ಳಲು ಎಸ್‌ಎಸ್‌ಡಿಯ ಕಂಟ್ರೋಲರ್‌ಗೆ ಆ ಜಾಗ ಬೇಕು. ದೊಡ್ಡ ಎಸ್‌ಎಸ್‌ಡಿ ಹಾಕುವ ಆಸೆಯಿದ್ದರೆ ನೆನಪಿರಲಿ, 28 ಬಿಟ್ ವಿಳಾಸ ಬಳಸುವ ಹಳೆಯ ಬಯೋಸ್‌ಗೆ (ಯಂತ್ರ ಆನ್ ಆದಾಗ ಮೊದಲು ಓಡುವ ಪ್ರೋಗ್ರಾಂಗೆ) 137 ಜಿಬಿಗಿಂತ ಆಚೆ ಕಾಣುವುದಿಲ್ಲ.

ಮೆಮೊರಿ: 855ಪಿಎಂ ಚಿಪ್‌ಸೆಟ್‌ಗೆ ಗರಿಷ್ಠ 2 ಜಿಬಿ. ಖಾಲಿಯಿದ್ದ ಸ್ಲಾಟ್‌ಗೆ 1 ಜಿಬಿಯ ಪಿಸಿ2700 ಪಟ್ಟಿಯನ್ನು ಹಾಕಿ ಒಟ್ಟು 1.5 ಜಿಬಿ ಮಾಡಲಾಯಿತು. ಲ್ಯಾಪ್‌ಟಾಪ್‌ನ ಡಿಡಿಆರ್ ಮತ್ತು ಡಿಡಿಆರ್2 ಎರಡಕ್ಕೂ 200 ಪಿನ್ನುಗಳೇ. ಆದರೆ ನಡುವಿನ ಕಚ್ಚು ತುಸು ಬೇರೆ ಜಾಗದಲ್ಲಿರುವುದರಿಂದ ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ. ಕೂರದಿದ್ದರೆ ಒತ್ತಬೇಡಿ, ಪಟ್ಟಿ ತಪ್ಪಾಗಿದೆ ಎಂದೇ ಅರ್ಥ. ಈ ಇಡೀ ಕೆಲಸದಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಇದೇ ಬದಲಾವಣೆ. 512 ಎಂಬಿಯಲ್ಲಿ ಯಾವ ಡಿಸ್ಟ್ರೋ ಹಾಕಿದರೂ ಬ್ರೌಸರ್ ತೆರೆದ ಕೂಡಲೇ ಸ್ವಾಪ್, ಅಂದರೆ ಮೆಮೊರಿ ಸಾಲದೆ ಡಿಸ್ಕನ್ನು ಬಳಸುವುದು, ಶುರುವಾಗುತ್ತದೆ.

ಇನ್ನು ನಾಣ್ಯದಾಕಾರದ ಸಿಆರ್2032 ಬ್ಯಾಟರಿ. ಅದು ಸತ್ತಿದ್ದರೆ ಪ್ರತಿ ಸಲ ಆನ್ ಮಾಡಿದಾಗಲೂ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಆಗ ಬ್ರೌಸರ್ ಎಲ್ಲ ಜಾಲತಾಣಗಳ ಪ್ರಮಾಣಪತ್ರಗಳೂ ಅಮಾನ್ಯ ಎನ್ನುತ್ತದೆ. ಪ್ಯಾಕೇಜ್‌ಗಳನ್ನು ಇಳಿಸುವ ಆಪ್ಟ್ ಕೂಡ ಸರ್ವರ್‌ನ ರಿಲೀಸ್ ಕಡತ ಇನ್ನೂ ಚಾಲ್ತಿಗೇ ಬಂದಿಲ್ಲ ಎಂದು ನಿರಾಕರಿಸುತ್ತದೆ. ನೋಡುವವರಿಗೆ ಇದು ಇಂಟರ್‌ನೆಟ್ ತೊಂದರೆಯಂತೆ ಕಾಣುತ್ತದೆ. ಬ್ಯಾಟರಿ ಬದಲಿಸಿ, ಬಯೋಸ್‌ನಲ್ಲಿ ದಿನಾಂಕ ಸರಿಪಡಿಸಿ, ಆಮೇಲೆ ಮುಂದಿನ ಮಾತು.

ಫ್ಯಾನಿನ ಧೂಳು ತೆಗೆದು ಪ್ರೊಸೆಸರ್‌ಗೆ ಹೊಸ ಥರ್ಮಲ್ ಪೇಸ್ಟ್ ಹಚ್ಚಿದ್ದೂ ಇದೇ ಹಂತದಲ್ಲಿ.

ಪಿಎಇ ಎಂಬ ಅಡ್ಡಗೋಡೆ

ಎರಡನೇ ಪ್ರಯತ್ನ ಸೋತದ್ದೇಕೆ ಎಂಬುದು ತುಸು ವಿವರವಾಗಿ ನೋಡಬೇಕಾದ ವಿಷಯ. 32 ಬಿಟ್ ಪ್ರೊಸೆಸರ್ 4 ಜಿಬಿಗಿಂತ ಹೆಚ್ಚು ಮೆಮೊರಿಯನ್ನು ತಲುಪಲು ಬೇಕಾದ ವ್ಯವಸ್ಥೆಗೆ ಪಿಎಇ ಎಂದು ಹೆಸರು. ಪೆಂಟಿಯಂ ಪ್ರೊ ಕಾಲದಿಂದಲೂ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಇದು ಇದೆ. ಆದರೆ ಪೆಂಟಿಯಂ ಎಂ ಸರಣಿಯ ಬನಿಯಾಸ್ ಮತ್ತು 400 ಮೆಗಾಹರ್ಟ್ಜ್ ಬಸ್ಸಿನ ಡೋಥನ್ ಪ್ರೊಸೆಸರ್‌ಗಳು ಪಿಎಇಯನ್ನು ಒಳಗಿಟ್ಟುಕೊಂಡೂ ಅದು ತಮ್ಮಲ್ಲಿದೆ ಎಂದು ಹೇಳುವುದಿಲ್ಲ. ಕರ್ನಲ್ ಕೇಳುತ್ತದೆ, ಪ್ರೊಸೆಸರ್ ಇಲ್ಲವೆನ್ನುತ್ತದೆ, ಬೂಟ್ ಅಲ್ಲೇ ನಿಲ್ಲುತ್ತದೆ. 735 ಈ ಡೋಥನ್ ಗುಂಪಿನದು.

2014ರಲ್ಲಿ ಬಂದ ಲಿನಕ್ಸ್ 3.15ರಿಂದ ಇದಕ್ಕೊಂದು ದಾರಿಯಿದೆ. ಪಿಎಇ ಕರ್ನಲ್‌ನ ಬೂಟ್ ಸಾಲಿನ ಕೊನೆಗೆ ‘ಫೋರ್ಸ್‌ಪಿಎಇ’ ಎಂಬ ಪದವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಸೇರಿಸಿದರೆ ಕರ್ನಲ್ ಪ್ರೊಸೆಸರ್‌ನ ನಿರಾಕರಣೆಯನ್ನು ಕಡೆಗಣಿಸಿ ಮುಂದೆ ಹೋಗುತ್ತದೆ. ಪ್ರೊಸೆಸರ್ ತಾನು ಹೇಳಿಕೊಂಡ ಮಿತಿಯಾಚೆ ಓಡುತ್ತಿದೆ ಎಂದು ತನ್ನನ್ನೇ ‘ಟೇಂಟೆಡ್’ ಎಂದು ಗುರುತಿಸಿಕೊಳ್ಳುತ್ತದೆ. ಬಳಕೆಗೆ ಅದರಿಂದ ತೊಡಕಿಲ್ಲ.

ಇನ್ನೊಂದು ದಾರಿ ಪಿಎಇ ಬೇಡದ ಕರ್ನಲ್. 1.5 ಜಿಬಿ ಮೆಮೊರಿಯ ಯಂತ್ರಕ್ಕೆ ಪಿಎಇಯಿಂದ ಮೆಮೊರಿ ಲಾಭವೇನೂ ಇಲ್ಲ, ಹಾಗಾಗಿ ಹೆಚ್ಚಿನವರು ಇದನ್ನೇ ಆರಿಸಿ ಸುಮ್ಮನಾಗುತ್ತಾರೆ. ಆದರೆ ಒಂದು ಮಾತು ಬಿಟ್ಟುಹೋಗುತ್ತದೆ. ಕರ್ನಲ್‌ನ ಮೆಮೊರಿಯನ್ನು ಪ್ರೋಗ್ರಾಂಗಳು ಕದ್ದು ಓದಬಲ್ಲ ಮೆಲ್ಟ್‌ಡೌನ್ ಎಂಬ ಪ್ರೊಸೆಸರ್ ದೋಷಕ್ಕೆ ಲಿನಕ್ಸ್ ಕೊಡುವ ರಕ್ಷಣೆ, ಅಂದರೆ ಕರ್ನಲ್‌ನ ಪೇಜ್ ಟೇಬಲ್‌ಗಳನ್ನು ಬೇರ್ಪಡಿಸುವ ಪಿಟಿಐ, 32 ಬಿಟ್‌ಗೆ ಬಂದದ್ದು 2018ರ 4.19 ಆವೃತ್ತಿಯಲ್ಲಿ, ಅದೂ ಪಿಎಇ ಕರ್ನಲ್‌ಗೆ ಮಾತ್ರ. ಪಿಎಇ ಇಲ್ಲದ ಕರ್ನಲ್‌ನಲ್ಲಿ ಆ ರಕ್ಷಣೆ ಇಲ್ಲವೇ ಇಲ್ಲ. ಸಿಸ್ ಡೈರೆಕ್ಟರಿಯಲ್ಲಿ ಪ್ರೊಸೆಸರ್‌ನ ದೌರ್ಬಲ್ಯಗಳ ಪಟ್ಟಿಯಿರುವ ಕಡೆ ಮೆಲ್ಟ್‌ಡೌನ್ ಕಡತವನ್ನು ತೆರೆದರೆ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ: ಒಂದರಲ್ಲಿ ‘ವಲ್ನರಬಲ್’, ಇನ್ನೊಂದರಲ್ಲಿ ‘ಮಿಟಿಗೇಷನ್: ಪಿಟಿಐ’.

ಬರೀ ಆಫ್‌ಲೈನ್ ಬರವಣಿಗೆಗಾದರೆ ಪಿಎಇ ಇಲ್ಲದ ಕರ್ನಲ್ ಸಾಕು, ತುಸು ವೇಗವೂ ಹೌದು. ಗುರುತಿಲ್ಲದ ಜಾವಾಸ್ಕ್ರಿಪ್ಟ್ ಓಡುವ ಬ್ರೌಸರ್ ಇದ್ದರೆ ವೇಗ ಕೊಂಚ ತಗ್ಗಿದರೂ ಪಿಎಇ ಕರ್ನಲ್ಲೇ ಸರಿ. ಇಲ್ಲಿ ಎರಡನ್ನೂ ಇಡಲಾಯಿತು: ದಿನಬಳಕೆಗೆ ಪಿಎಇ ಕರ್ನಲ್, ಅದು ಬೂಟ್ ಆಗದಿದ್ದರೆ ಗ್ರಬ್ ಎಂಬ ಬೂಟ್ ಪ್ರೋಗ್ರಾಂನ ಪಟ್ಟಿಯಲ್ಲಿ ಪಿಎಇ ಇಲ್ಲದ್ದು.

ಡಿಸ್ಟ್ರೋ

ಇಷ್ಟಾದ ಮೇಲೆ ಆಯ್ಕೆ ಸಣ್ಣದು. ಆರ್ಚ್ 2017ರಲ್ಲಿ, ಫೆಡೋರಾ ಮತ್ತು ಉಬುಂಟು 2019ರಲ್ಲಿ 32 ಬಿಟ್ ಪಿಸಿಗಳನ್ನು ಕೈಬಿಟ್ಟವು. ಆಗಸ್ಟ್ 2025ರಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗೆ ಕರ್ನಲ್ಲೂ ಇಲ್ಲ, ಇನ್‌ಸ್ಟಾಲರ್ರೂ ಇಲ್ಲ. ಉಳಿದವುಗಳಲ್ಲಿ ಸುಲಭದ್ದು ಡೆಬಿಯನ್ 12 ಅಥವಾ ಅದರ ಮೇಲೆ ಕಟ್ಟಿದ್ದು. ಇಲ್ಲಿ ಆರಿಸಿದ್ದು ಡೆಬಿಯನ್ 12ನ್ನು ಆಧರಿಸಿದ ಆಂಟಿಎಕ್ಸ್ 23ರ 32 ಬಿಟ್ ಆವೃತ್ತಿ. ಕಾರಣ ಮೂರು: ಪಿಎಇ ಇಲ್ಲದ ಕರ್ನಲ್ ಜೊತೆಗೇ ಬರುತ್ತದೆ, ಹಿನ್ನೆಲೆ ಸೇವೆಗಳನ್ನು ಶುರುಮಾಡುವ ಸಿಸ್ಟಮ್‌ಡಿ ಇಲ್ಲದೆ ಐಸ್‌ಡಬ್ಲ್ಯುಎಂ ಕಿಟಕಿ ವ್ಯವಸ್ಥಾಪಕದ ಜೊತೆ ಕಡಿಮೆ ಮೆಮೊರಿಯಲ್ಲಿ ಏಳುತ್ತದೆ, ಮತ್ತು ಡೆಬಿಯನ್ ಪ್ಯಾಕೇಜ್‌ಗಳೆಲ್ಲ ಸಿಗುತ್ತವೆ. ಟೈನಿ ಕೋರ್ ಇನ್ನೂ ಹಗುರ, ನಿಜ. ಆದರೆ ಕನ್ನಡ ಫಾಂಟ್‌ಗಳಿಂದ ಹಿಡಿದು ವೈಫೈ ಫರ್ಮ್‌ವೇರ್‌ವರೆಗೆ (ಚಿಪ್ಪಿನೊಳಗೆ ಓಡುವ ಪುಟ್ಟ ಸಾಫ್ಟ್‌ವೇರ್) ಒಂದೊಂದನ್ನೂ ಕೈಯಾರೆ ಜೋಡಿಸುವ ಹೊರೆ ದಿನಬಳಕೆಯವರಿಗೆ ತಕ್ಕುದಲ್ಲ.

ಯುಎಸ್‌ಬಿ ತಯಾರಿಗೆ ಡಿಡಿ ಆದೇಶ ಸಾಕು. ಇಮೇಜನ್ನು ಪಾರ್ಟಿಷನ್‌ಗೆ ಬರೆಯದೆ ಇಡೀ ಯುಎಸ್‌ಬಿಗೆ ಬರೆಯಬೇಕು. ಹಳೆಯ ಬಯೋಸ್‌ಗಳಲ್ಲಿ ಯುಎಸ್‌ಬಿಯು ಬೂಟ್ ಪಟ್ಟಿಯ ಹಾರ್ಡ್ ಡಿಸ್ಕ್ ಗುಂಪಿನೊಳಗೆ ಅಡಗಿರುತ್ತದೆ, ಆ ಗುಂಪನ್ನು ಬಿಡಿಸಿ ನೋಡಬೇಕು. ಕರ್ನಲ್ ಏಳುವ ತನಕ ಕೆಲವು ಬಯೋಸ್‌ಗಳು ಯುಎಸ್‌ಬಿ 1.1ರ ವೇಗದಲ್ಲೇ ಓದುವುದರಿಂದ ಪರದೆ ಬಹಳ ಹೊತ್ತು ಕಪ್ಪಗೆ ನಿಂತಿರಬಹುದು. ಕೆಟ್ಟಿತೆಂದು ಪವರ್ ಒತ್ತದೆ ಕಾಯಬೇಕು. ಯುಎಸ್‌ಬಿಯಿಂದ ಬೂಟ್ ಆಗದ ಯಂತ್ರಕ್ಕೆ ಡಿವಿಡಿಗೆ ಬರೆಯುವುದು ಸರಳ ದಾರಿ.

ಲೈವ್ ಆಗಿ ಏಳಿಸಿ ಧ್ವನಿ, ಪರದೆ, ವೈಫೈ, ಟಚ್‌ಪ್ಯಾಡ್ ನೋಡಿಕೊಂಡ ಮೇಲೆ ಇನ್‌ಸ್ಟಾಲ್. ಪಾರ್ಟಿಷನ್ ಪಟ್ಟಿ ಎಂಬಿಆರ್ ಮಾದರಿಯದೇ ಇರಲಿ, ಜಿಪಿಟಿ ಕಂಡರೆ ಕೆಲವು ಹಳೆಯ ಬಯೋಸ್‌ಗಳು ಬೂಟ್ ಮಾಡುವುದಿಲ್ಲ. 32 ಜಿಬಿ ಎಂದು ಮಾರುವ ಎಸ್‌ಎಸ್‌ಡಿ ಪಾರ್ಟಿಷನ್ ಸಾಧನದಲ್ಲಿ ಸುಮಾರು 29.8 ಎಂದು ಕಾಣುತ್ತದೆ. ಅದರಲ್ಲಿ 24 ರೂಟ್‌ಗೆ, ಇಎಕ್ಸ್‌ಟಿ4, ಕಡತ ಓದಿದ ಸಮಯವನ್ನು ಬರೆಯದಿರುವ ‘ನೋಎಟೈಮ್’ ಆಯ್ಕೆಯೊಂದಿಗೆ, 2 ಸ್ವಾಪ್‌ಗೆ, ಉಳಿದ 3.8 ಮೇಲೆ ಹೇಳಿದ ಕಾರಣಕ್ಕೆ ಖಾಲಿ.

ಇನ್‌ಸ್ಟಾಲ್ ಆದ ನಂತರ ಡೆಬಿಯನ್‌ನ 686 ಪಿಎಇ ಕರ್ನಲ್ ಪ್ಯಾಕೇಜನ್ನು ಸೇರಿಸಿ, ಗ್ರಬ್‌ನ ಡೀಫಾಲ್ಟ್ ಕಡತದ ಕರ್ನಲ್ ಸಾಲಿಗೆ ಫೋರ್ಸ್‌ಪಿಎಇ ಪದ ಬರೆದು, ಗ್ರಬ್ ಅಪ್‌ಡೇಟ್ ಮಾಡಬೇಕು. ಈ ಕೊನೆಯ ಹೆಜ್ಜೆ ಮರೆತರೆ ಬದಲಾವಣೆ ಕಡತದಲ್ಲೇ ಉಳಿಯುತ್ತದೆ, ಮುಂದಿನ ಬೂಟ್‌ನಲ್ಲಿ ಮತ್ತದೇ ಪಿಎಇ ಸಂದೇಶ.

ಕೈಕೊಟ್ಟ ಎರಡು ಡ್ರೈವರ್‌ಗಳು

ರೇಡಿಯಾನ್ 9600 ಹಳೆಯದಾದರೂ ಅದೃಷ್ಟದ ಚಿಪ್. 2022ರಲ್ಲಿ ಲಿನಕ್ಸ್‌ನ ಗ್ರಾಫಿಕ್ಸ್ ಸಾಫ್ಟ್‌ವೇರ್ ಮೆಸಾದ 22.0 ಆವೃತ್ತಿ ಹಳೆಯ ಡ್ರೈವರ್‌ಗಳ ದೊಡ್ಡ ಗುಂಪನ್ನು ತೆಗೆದುಹಾಕಿತು. ರೇಡಿಯಾನ್ 7500ರಂಥವು ಆಗ ಹೊರಬಿದ್ದವು, 9600ಕ್ಕೆ ಬೇಕಾದ ಆರ್300 ಡ್ರೈವರ್ ಉಳಿಯಿತು. ಆದರೆ ಅದಕ್ಕೆ ಫರ್ಮ್‌ವೇರ್ ಕಡತ ಬೇಕು. ಡೆಬಿಯನ್‌ನಲ್ಲಿ ಅದು ಎಎಂಡಿ ಗ್ರಾಫಿಕ್ಸ್ ಫರ್ಮ್‌ವೇರ್ ಪ್ಯಾಕೇಜಿನೊಳಗಿದೆ. ಅದಿಲ್ಲದಿದ್ದರೂ ಪರದೆ ಬರುತ್ತದೆ, ಆದರೆ ಚಿತ್ರದ ಕೆಲಸವೆಲ್ಲ ಪ್ರೊಸೆಸರ್‌ನ ಮೇಲೆ ಬಿದ್ದು ಕಿಟಕಿ ಸರಿಸಿದರೂ ಎಳೆದಾಡುತ್ತದೆ. ‘ಯಂತ್ರ ನಿಧಾನ’ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇಷ್ಟೇ. ಕರ್ನಲ್ ಸಂದೇಶಗಳನ್ನು ತೋರಿಸುವ ಡಿಮೆಸೇಜ್‌ನಲ್ಲಿ ರೇಡಿಯಾನ್ ಎಂದು ಹುಡುಕಿದರೆ ಕಾಣೆಯಾದ ಕಡತದ ಹೆಸರೇ ಸಿಗುತ್ತದೆ. ಹಳೆಯ ಕರ್ನಲ್‌ಗಳಲ್ಲಿ ಪರದೆ ಏಕಾಏಕಿ ಹೆಪ್ಪುಗಟ್ಟಿದರೆ ರೇಡಿಯಾನ್‌ನ ಎಜಿಪಿ ಮೋಡ್ ಆಯ್ಕೆಗೆ -1 ಕೊಟ್ಟು ನೋಡಬೇಕು. ಆಗ ಚಿಪ್ ಎಜಿಪಿ ಬಿಟ್ಟು ಪಿಸಿಐ ರೀತಿಯಲ್ಲಿ ಮೆಮೊರಿ ಬಳಸುತ್ತದೆ.

2200ಬಿಜಿ ವೈಫೈಗೂ ಫರ್ಮ್‌ವೇರ್ ಬೇಕು. ಆ ಪ್ಯಾಕೇಜ್ ಪರವಾನಗಿಗೆ ಒಪ್ಪಿಗೆ ಕೇಳುತ್ತದೆ, ಒಪ್ಪದಿದ್ದರೆ ಕೂರುವುದಿಲ್ಲ. ಇಷ್ಟಾದರೂ ರೌಟರ್ ಪಟ್ಟಿಯಲ್ಲಿ ಕಂಡು, ಸಂಪರ್ಕ ಮಾತ್ರ ಆಗಲಿಲ್ಲ. ರೌಟರನ್ನು ಹೊಸ ಭದ್ರತಾ ಪದ್ಧತಿ ಡಬ್ಲ್ಯುಪಿಎ3ಗೆ ಮಾತ್ರ ಹೊಂದಿಸಿದ್ದೇ ಕಾರಣ. ಈ ಕಾರ್ಡ್‌ಗೆ ಡಬ್ಲ್ಯುಪಿಎ2ಗಿಂತ ಆಚೆ ಗೊತ್ತಿಲ್ಲ, 2.4 ಗಿಗಾಹರ್ಟ್ಜ್ ಬಿಟ್ಟು ಬೇರೆ ತರಂಗಪಟ್ಟಿಯೂ ಇಲ್ಲ. ರೌಟರ್‌ನ ಅತಿಥಿ ಜಾಲವನ್ನು 2.4 ಗಿಗಾಹರ್ಟ್ಜ್‌ನಲ್ಲಿ, ಎಇಎಸ್ ಸಹಿತ ಡಬ್ಲ್ಯುಪಿಎ2ಗೆ ಹೊಂದಿಸಿ, ಮ್ಯಾನೇಜ್‌ಮೆಂಟ್ ಫ್ರೇಮ್ ರಕ್ಷಣೆಯನ್ನು ಕಡ್ಡಾಯದಿಂದ ತೆಗೆದ ಮೇಲೆ ಸಂಪರ್ಕ ಸಿಕ್ಕಿತು. ಮುಖ್ಯ ಜಾಲದ ಭದ್ರತೆಯನ್ನು ಒಂದು ಹಳೆಯ ಕಾರ್ಡಿಗಾಗಿ ಸಡಿಲಿಸಬಾರದು. ಕೇಬಲ್ ತಲುಪುವ ಜಾಗವಾದರೆ ಅದೇ ಎಲ್ಲಕ್ಕಿಂತ ಒಳ್ಳೆಯದು.

ಮೆಮೊರಿಯ ಹಂಚಿಕೆ

ಐಸ್‌ಡಬ್ಲ್ಯುಎಂ ಎದ್ದು ನಿಂತಾಗ ಖರ್ಚಾಗುವ ಮೆಮೊರಿ 200 ಎಂಬಿಯೊಳಗೇ ಇರುತ್ತದೆ. ‘ಫ್ರೀ’ ಆದೇಶದ ಉತ್ತರದಲ್ಲಿ ಫ್ರೀ ಎಂಬ ಕಾಲಮ್ ನೋಡಿ ಗಾಬರಿಯಾಗಬೇಕಿಲ್ಲ. ‘ಅವೈಲಬಲ್’ ಎಂಬುದೇ ನಿಜವಾಗಿ ಬಳಸಲು ಸಿಗುವ ಮೊತ್ತ.

ಉಳಿದದ್ದನ್ನು ಹಿಗ್ಗಿಸಲು ಝಡ್‌ರ‍್ಯಾಮ್ ಹಾಕಲಾಯಿತು. ಸ್ವಾಪ್‌ಗೆ ಹೋಗಬೇಕಾದ ಪುಟಗಳನ್ನು ಕುಗ್ಗಿಸಿ ಮೆಮೊರಿಯಲ್ಲೇ ಇಡುವ ವ್ಯವಸ್ಥೆ ಇದು. ಗಾತ್ರ ಮೆಮೊರಿಯ ಅರ್ಧ, 768 ಎಂಬಿ. ಕುಗ್ಗಿಸುವ ವಿಧಾನ ಎಲ್‌ಝಡ್4. ಝಡ್‌ಸ್ಟ್ಯಾಂಡರ್ಡ್ ಇನ್ನಷ್ಟು ಕುಗ್ಗಿಸುತ್ತದೆ, ಆದರೆ ಒಂದೇ ಕೋರಿನ ಹಳೆಯ ಪ್ರೊಸೆಸರ್‌ಗೆ ಅದರ ಲೆಕ್ಕಾಚಾರ ಭಾರ. ವಿಧಾನವನ್ನು ಮೊದಲು ಬರೆದು ಗಾತ್ರವನ್ನು ಆಮೇಲೆ ಬರೆಯಬೇಕು. ಹಿಂದುಮುಂದಾದರೆ ಸಾಧನ ಬಳಕೆಯಲ್ಲಿದೆ ಎಂಬ ದೋಷ ಬರುತ್ತದೆ. ಝಡ್‌ರ‍್ಯಾಮ್ ಸ್ವಾಪ್‌ಗೆ ಆದ್ಯತೆ 100, ಎಸ್‌ಎಸ್‌ಡಿ ಸ್ವಾಪ್‌ಗೆ 10. ಸ್ವಾಪನ್ನು ಎಷ್ಟು ಬೇಗ ಬಳಸಬೇಕೆಂದು ಹೇಳುವ ಸ್ವಾಪಿನೆಸ್ 100, ಒಮ್ಮೆಗೆ ಎಷ್ಟು ಪುಟ ಓದಬೇಕೆಂದು ಹೇಳುವ ಪೇಜ್ ಕ್ಲಸ್ಟರ್ 0. ಸಾಮಾನ್ಯ ಡಿಸ್ಕಿಗೆ ಸ್ವಾಪಿನೆಸ್ ಇಳಿಸಿ ಎಂಬ ಸಲಹೆ ಝಡ್‌ರ‍್ಯಾಮ್‌ಗೆ ಹೊಂದುವುದಿಲ್ಲ, ಇಲ್ಲಿ ಸ್ವಾಪ್ ಎಂದರೆ ಮೆಮೊರಿಯೇ.

ಕನ್ನಡ

ಇದಕ್ಕೆ ಮೆಮೊರಿ ತಿನ್ನುವ ಇನ್‌ಪುಟ್ ಮೆಥಡ್ ಬೇಕಿಲ್ಲ. ಎಕ್ಸ್ ಕೀಬೋರ್ಡ್ ವ್ಯವಸ್ಥೆಯಲ್ಲೇ ಭಾರತೀಯ ಭಾಷೆಗಳ ಗುಂಪಿನೊಳಗೆ ಕನ್ನಡದ ಎರಡು ವಿನ್ಯಾಸಗಳಿವೆ: ಒಂದು ಇನ್‌ಸ್ಕ್ರಿಪ್ಟ್, ಇನ್ನೊಂದು ಕಗಪ. ಇಂಗ್ಲಿಷ್ ಜೊತೆ ಇವುಗಳಲ್ಲೊಂದನ್ನು ಸೆಟ್‌ಎಕ್ಸ್‌ಕೆಬಿ‌ಮ್ಯಾಪ್ ಆದೇಶದಿಂದ ಸೇರಿಸಿ, ಆಲ್ಟ್ ಮತ್ತು ಶಿಫ್ಟ್ ಒತ್ತಿದರೆ ಬದಲಾಗುವಂತೆ ಮಾಡಿ, ಆ ಸಾಲನ್ನು ಆಂಟಿಎಕ್ಸ್‌ನ ಡೆಸ್ಕ್‌ಟಾಪ್ ಸೆಷನ್ ಸ್ಟಾರ್ಟಪ್ ಕಡತದಲ್ಲಿ ಬರೆದಿಟ್ಟರೆ ಮುಗಿಯಿತು. ಫಾಂಟ್‌ಗೆ ಡೆಬಿಯನ್‌ನ ಕನ್ನಡ ಫಾಂಟ್ ಪ್ಯಾಕೇಜ್ ಇದೆ, ಅದರಲ್ಲಿ ಗುಬ್ಬಿ ಮತ್ತು ನವಿಲು ಬರುತ್ತವೆ. ಎಕ್ಸ್‌ಟರ್ಮ್‌ನಲ್ಲಿ ಒತ್ತಕ್ಷರಗಳು ಒಡೆದು ಕಾಣುತ್ತವೆ. ಅದು ಫಾಂಟ್‌ನ ತಪ್ಪಲ್ಲ, ಎಕ್ಸ್‌ಟರ್ಮ್‌ಗೆ ಅಕ್ಷರ ಜೋಡಿಸುವ ಶಕ್ತಿಯೇ ಇಲ್ಲ. ಅಬಿವರ್ಡ್‌ನಲ್ಲಿ ಸರಿಯಾಗಿಯೇ ಬರುತ್ತದೆ. ಲಿಬ್ರೆಆಫೀಸ್ ಕೂಡ ಓಡುತ್ತದೆ, ತೆರೆದುಕೊಳ್ಳುವ ತನಕ ತಾಳ್ಮೆ ಬೇಕು.

ಬ್ರೌಸರ್, ನಿಜವಾದ ಭಾರ

ಇಲ್ಲಿಯವರೆಗಿನ ಉಳಿತಾಯವನ್ನೆಲ್ಲ ನುಂಗುವುದು ಬ್ರೌಸರ್. ಡೆಸ್ಕ್‌ಟಾಪ್‌ನಲ್ಲಿ 50 ಎಂಬಿ ಉಳಿಸಲು ದಿನಗಟ್ಟಲೆ ತಲೆಕೆಡಿಸಿಕೊಂಡು, ಜಾವಾಸ್ಕ್ರಿಪ್ಟ್ ತುಂಬಿದ ಒಂದು ಟ್ಯಾಬ್‌ಗೆ ಅದರ ಹಲವು ಪಟ್ಟು ಬಿಟ್ಟುಕೊಡುವುದರಲ್ಲಿ ಅರ್ಥವಿಲ್ಲ. ಗೂಗಲ್ ಕ್ರೋಮ್ 32 ಬಿಟ್ ಲಿನಕ್ಸ್‌ಗೆ 2016ರಲ್ಲೇ ನಿಂತಿತು. ಉಳಿದದ್ದು ಫೈರ್‌ಫಾಕ್ಸ್ ಇಎಸ್‌ಆರ್, ಅಂದರೆ ಅದರ ದೀರ್ಘ ಬೆಂಬಲದ ಆವೃತ್ತಿ. ಅದಕ್ಕೆ ಪ್ರೊಸೆಸರ್‌ನಲ್ಲಿ ಎಸ್‌ಎಸ್‌ಇ2 ಎಂಬ ಆದೇಶಗಳ ಗುಂಪು ಬೇಕು. ಪೆಂಟಿಯಂ ಎಂನಲ್ಲಿ ಇದೆ, ಪೆಂಟಿಯಂ 3 ಮತ್ತು ಅಥ್ಲಾನ್ ಎಕ್ಸ್‌ಪಿಗಳಲ್ಲಿ ಇಲ್ಲ. ಆ ಯಂತ್ರಗಳಿಗೆ ಈ ದಾರಿ ಇಲ್ಲಿಗೇ ಮುಗಿಯುತ್ತದೆ.

ಫೈರ್‌ಫಾಕ್ಸ್‌ನ ಆಂತರಿಕ ಸೆಟ್ಟಿಂಗ್ ಪುಟದಲ್ಲಿ ಕಂಟೆಂಟ್ ಪ್ರೊಸೆಸ್ ಎಣಿಕೆಯನ್ನು 1ಕ್ಕೆ ಇಳಿಸಿ, ಫಿಶನ್ ಆಟೋಸ್ಟಾರ್ಟ್ ಆಫ್ ಮಾಡಿ, ಹಿಂದಿನ ಪುಟಗಳನ್ನು ಮೆಮೊರಿಯಲ್ಲಿ ಹಿಡಿದಿಡುವ ಎಣಿಕೆಯನ್ನು 0 ಮಾಡಲಾಯಿತು. ಯುಬ್ಲಾಕ್ ಆರಿಜಿನ್ ಕಡ್ಡಾಯ: ಜಾಹೀರಾತು ಸ್ಕ್ರಿಪ್ಟ್‌ಗಳು ಬಾರದಿದ್ದರೆ ಮೆಮೊರಿಯೂ ಪ್ರೊಸೆಸರೂ ಎರಡೂ ಉಸಿರಾಡುತ್ತವೆ. ಫಿಶನ್ ಆಫ್ ಮಾಡಿದರೆ ಒಂದು ತಾಣವನ್ನು ಇನ್ನೊಂದರಿಂದ ಬೇರ್ಪಡಿಸುವ ರಕ್ಷಣೆ ಹೋಗುತ್ತದೆ ಎಂಬುದು ತಿಳಿದಿರಬೇಕು. ಈ ಕಾರಣಕ್ಕೆ ಬ್ಯಾಂಕ್ ವ್ಯವಹಾರ ಈ ಯಂತ್ರದಲ್ಲಿ ಬೇಡವೆಂದು ಬಳಸುವವರಿಗೆ ಸ್ಪಷ್ಟವಾಗಿ ಹೇಳಲಾಯಿತು. ಮೇಲ್‌ಗೆ ಬ್ರೌಸರ್ ಬಿಟ್ಟು ಕ್ಲಾಸ್ ಮೇಲ್, ಪಿಡಿಎಫ್‌ಗೆ ಮ್ಯುಪಿಡಿಎಫ್. ಓದಲಷ್ಟೇ ಇರುವ ಸರಳ ಪುಟಗಳಿಗೆ ನೆಟ್‌ಸರ್ಫ್ ಚುರುಕು. ಎರಡು ಟ್ಯಾಬ್‌ಗಳವರೆಗೆ ಯಂತ್ರ ಸರಾಗ. ನಾಲ್ಕಾದರೆ ಝಡ್‌ರ‍್ಯಾಮ್ ತುಂಬತೊಡಗುತ್ತದೆ.

ಕಾಲಮಿತಿಯನ್ನೂ ಹಸ್ತಾಂತರದ ವೇಳೆಯೇ ಬರೆದುಕೊಡಲಾಯಿತು. 32 ಬಿಟ್ ಲಿನಕ್ಸ್‌ಗೆ ಬಂದ ಕೊನೆಯ ಫೈರ್‌ಫಾಕ್ಸ್ 144. ಇಎಸ್‌ಆರ್ 140ಕ್ಕೆ ಮೊಜಿಲ್ಲಾ ಕೊಟ್ಟ ಭರವಸೆ ಕನಿಷ್ಠ ಸೆಪ್ಟೆಂಬರ್ 2026ರವರೆಗೆ. ಡೆಬಿಯನ್ 12ರ ದೀರ್ಘಾವಧಿ ಬೆಂಬಲ ಜೂನ್ 2028ರವರೆಗೆ. ಬ್ರೌಸರ್‌ನ ಭದ್ರತಾ ನವೀಕರಣ ನಿಂತ ದಿನದಿಂದ ಫೈರ್‌ಫಾಕ್ಸ್ ತೆಗೆದುಹಾಕಿ, ಬರವಣಿಗೆ, ಓದು ಮತ್ತು ಮೇಲ್‌ಗಷ್ಟೇ ಇಟ್ಟುಕೊಳ್ಳುವುದು ಸರಿ. ವೆಬ್ ಬೇಕೇ ಬೇಕೆಂದರೆ ಮನೆಯ ಇನ್ನೊಂದು ಯಂತ್ರದಲ್ಲಿ ಬ್ರೌಸರ್ ಓಡಿಸಿ, ಅದರ ಪರದೆಯನ್ನು ವಿಎನ್‌ಸಿ ಮೂಲಕ ಇಲ್ಲಿಗೆ ತರಬಹುದು. ಅಷ್ಟು ಕೆಲಸಕ್ಕೆ ಈ ಪೆಂಟಿಯಂ ಎಂ ಸಾಕು.